ಬೇವು ಬೆರೆಸಿದ ಗ್ಲಾಸು
ಶಹಾಬಾದದ ನಮ್ಮ ಮನೆಯ ಮಾಳಿಗೆ ಮೇಲೆ ಬಾಡಿಗೆಗಿದ್ದ ಸಂಶೋಧಕರೊಬ್ಬರು ದಿನಾ ರೈಲು ಹಿಡಿದು ಕಲಬುರಗಿಯ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ಇಲಿಗಳ ನಾಲಗೆಯ ರುಚಿ ನರ ಕತ್ತರಿಸಿ, ಮುಂದೆ ಮದ್ಯ ಬೆರೆಸಿದ ನೀರಿಟ್ಟು, ಕುಡಿಯುವಾಗ ಅವುಗಳ ಮುಖ ನೋಡುವುದು ಅವರ ಕೆಲಸ.

ಆ ಚಾಳಿ ಮನೆಗೂ ಬಂದಿತ್ತು. ಯಾರಾದರೂ ಚಹಾ ಕುಡಿಯುತ್ತಿದ್ದರೆ ಈ ಸಂಶೋಧಕರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಅತ್ತಿತ್ತ ಸುಳಿದಾಡಿ, ಬಗ್ಗಿ ಕುಡಿಯುವವರ ಮುಖವನ್ನೇ ನೋಡುತ್ತ ಹೇಳುವರು:

“ಮಾರಿ ಕಿವುಚಿದ್ರ ಭಾಳ ಚಲೋ ನೋಡ್ರಿ. ನರ ಕಡಿದ ಇಲಿ ಕಿವುಚಂಗಿಲ್ಲ, ಎಂಥಾ ಕಹಿ ಇದ್ರೂ ಕುಡೀತದ.”

ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವವನು. ಗಂಟಲಿನ ಧೂಳು ತೊಳೆಯಬೇಕೆಂದು ದಿನಾ ಕುಡಿಯುತ್ತಿದ್ದ. ಕುಡಿತ ಬಿಡಿಸಲೆಂದು ಅವ್ವ ಒಂದು ಸಂಜೆ ಅವನ ಬಾಟಲಿಗೆ ಬೇವಿನ ರಸ ಹಿಂಡಿ, ಬಾಗಿಲ ಮರೆಯಲ್ಲಿ ನಿಂತಳು. ಅಪ್ಪ ಮುಖ ಕಿವುಚದೆ ಒಂದು ಗ್ಲಾಸು ಕುಡಿದ, ಬಾಯಿ ಒರೆಸಿಕೊಂಡ, ಮತ್ತೊಂದು ಸುರಿದುಕೊಂಡ.

ಮೆಟ್ಟಿಲಿಳಿದು ಬಂದ ಸಂಶೋಧಕರಿಗೆ ಅವ್ವ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಅವರು ಗ್ಲಾಸಿಗೆ ಬೆರಳದ್ದಿ ನೆಕ್ಕಿದರು. ಮುಖವೆಲ್ಲ ಕಿವುಚಿಹೋಯಿತು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಅಲುಗಾಡದೆ ಕುಳಿತು ಅಪ್ಪನ ಕೈ ಹಿಡಿದರು.

“ಕಾಕಾ, ಒಮ್ಮೆ ಮಾರಿ ಕಿವುಚ್ರಿ. ಸುಳ್ಳಾದ್ರೂ ಕಿವುಚ್ರಿ.”