ಕತ್ತರಿ ಮುಟ್ಟದ ಹುಚ್ಚೆಳ್ಳು ಹೂವು

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನನ್ನ ಓದು ನಿಂತಿತು. ಆಗ ನಾನಿನ್ನೂ ಚಿಕ್ಕವನು. ಐದನೇ ಕ್ಲಾಸು ಮುಗಿಸಿ ಆರಕ್ಕೆ ಹೋಗಬೇಕಾದವನು ಮನೆಯ ಜಗಲಿಯ ಮೇಲೆ ಕುಳಿತೆ. ಯಾಕೆ ತಾತ ಎಂದು ನೀವು ಕೇಳುತ್ತೀರಿ. ಮನೆಯ ಕೆಲಸಕ್ಕೆ ಇನ್ನೆರಡು ಕೈ ಬೇಕಿತ್ತು, ಅಷ್ಟೇ. ಅದಕ್ಕಿಂತ ದೊಡ್ಡ ಕಥೆ ಅದರಲ್ಲಿ ಏನೂ ಇಲ್ಲ.

ನಮ್ಮೂರು ಬಾಣಾವರ. ಅಪ್ಪ ಕಾಗದದ ಚೀಲ ಮಾಡುತ್ತಿದ್ದ. ಈಗ ಅಂಗಡಿಯಲ್ಲಿ ಬೇಳೆ, ಸಕ್ಕರೆ ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಬರುತ್ತದಲ್ಲ, ಆಗ ಹಳೆಯ ಪತ್ರಿಕೆಯ ಚೀಲದಲ್ಲಿ ಹಾಕಿ, ಮೇಲೆ ದಾರ ಸುತ್ತಿ ಕೊಡುತ್ತಿದ್ದರು. ಅಪ್ಪ ಕತ್ತರಿಸುತ್ತಿದ್ದ, ಅಕ್ಕ ಮಡಚುತ್ತಿದ್ದಳು, ನಾನು ಅಂಟು ಹಚ್ಚುತ್ತಿದ್ದೆ. ಜಗಲಿಯ ತುಂಬ ಮೈದಾ ಗಂಜಿಯ ಹುಳಿ ವಾಸನೆ. ಬೆರಳಿಗೆ ಹತ್ತಿದ ಪತ್ರಿಕೆಯ ಮಸಿ ಊಟಕ್ಕೆ ಕುಳಿತರೂ ಹೋಗುತ್ತಿರಲಿಲ್ಲ. ನನ್ನ ಜೊತೆಗೆ ಓದುತ್ತಿದ್ದವರು ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಅದೇ ಜಗಲಿಯ ಮುಂದೆ ಸ್ಕೂಲಿಗೆ ಹೋಗುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ. ನನ್ನ ಕೈಯಲ್ಲಿ ಕೆಲಸ ಇತ್ತು.

ಅಪ್ಪನಿಗೆ ಹಳೆಯ ಪತ್ರಿಕೆಯ ಕಟ್ಟು ಅರಸೀಕೆರೆಯಿಂದ ಬರುತ್ತಿತ್ತು. ಅಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ಅಂಗಡಿಯ ಯಜಮಾನರೊಬ್ಬರು ಅದನ್ನು ಕೂಡಿಸಿ ಕಳಿಸುತ್ತಿದ್ದರು. ಅವರಿಗೆ ಕೆಲಸ ಕಲಿಯುವ ಹುಡುಗನೊಬ್ಬ ಬೇಕಿದ್ದ. ಅಪ್ಪ ನನ್ನ ಮಾತೆತ್ತಿದ. ಯಜಮಾನರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರು ಬೇಡವೆಂದರೆ ಹಬ್ಬ ಕಳೆದ ಮೇಲೆ ನಾನು ಅರಸೀಕೆರೆ ಸ್ಟೇಷನ್ ಪಕ್ಕದ ಹೋಟೆಲಿಗೆ ಲೋಟ ತೊಳೆಯಲು ಹೋಗಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಯಾವ ಕೆಲಸವೂ ಕೀಳಲ್ಲ ಎಂದು ಈಗ ನಿಮಗೆ ಹೇಳುತ್ತೇನೆ. ಆಗ ನನಗೆ ಹಾಗೆ ಅನ್ನಿಸಿರಲಿಲ್ಲ. ಇನ್ನೊಬ್ಬರು ಕುಡಿದಿಟ್ಟ ಲೋಟ ಮುಟ್ಟುವುದೇ ಬೇಡ ಅನ್ನಿಸುತ್ತಿತ್ತು.

ಆ ವರ್ಷ ನವರಾತ್ರಿಗೆ ನಮ್ಮೂರ ಯುವಕರ ಸಂಘದವರು ಭಜನೆ ಮಂದಿರದಲ್ಲಿ ಒಂದು ಪಂದ್ಯ ಇಟ್ಟರು. ಮುಂದೆ ನಿಂತು ನಡೆಸುತ್ತಿದ್ದವರು ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಪಂದ್ಯವೆಂದರೆ, ಆ ಹಬ್ಬದ ಕಾಲದಲ್ಲಿ ನಮ್ಮ ಸುತ್ತಮುತ್ತ ಕಣ್ಣಿಗೆ ಏನು ಬೀಳುತ್ತದೋ ಅದನ್ನು ಕಾಗದದಲ್ಲಿ ಮಾಡಿ ತರಬೇಕು. ಕಾಗದ, ಅಂಟು, ದಾರ, ಕಡ್ಡಿ ಬಿಟ್ಟು ಬೇರೇನೂ ಸೇರಿಸುವಂತಿಲ್ಲ. ಯಾರ ಮನೆಯ ಮಕ್ಕಳಾದರೂ ಆಗಬಹುದು, ಸ್ಕೂಲಿನವರೇ ಆಗಬೇಕೆಂದಿಲ್ಲ. ಚೆನ್ನಾಗಿರುವುದನ್ನು ಆರಿಸಲು ಅರಸೀಕೆರೆಯ ಬೈಂಡಿಂಗ್ ಯಜಮಾನರನ್ನೇ ಕರೆದಿದ್ದರು. ಅವರು ಅಪ್ಪನಿಗೆ ಹೇಳಿ ಕಳಿಸಿದರು:

"ಬಾಯಿ ಮಾತು ಬ್ಯಾಡ ಕಣಯ್ಯ. ದಶಮಿ ದಿನ ನಾನೇ ಬತ್ತೀನಿ. ನಿನ್ನ ಮಗ ಏನಾರ ಮಾಡಿ ಇಡ್ಲಿ. ಕೈ ನೋಡಿ ಹೇಳ್ತೀನಿ."

ಏನು ಮಾಡುವುದು ಎಂದು ಯೋಚಿಸಬೇಕಾಗಿರಲಿಲ್ಲ. ಮಳೆ ಹಿಂದೆ ಸರಿದಿತ್ತು. ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆ ಇಬ್ಬನಿ. ಊರು ದಾಟಿದರೆ ರಾಗಿ ಹೊಲ, ತೆನೆ ಬಾಗುತ್ತಿರುವ ರಾಗಿ. ಅದರ ನಡುನಡುವೆ ಅಕ್ಕಡಿ ಸಾಲು, ಅಂದರೆ ರಾಗಿಯ ಜೊತೆಗೇ ಬಿತ್ತುವ ಬೇರೆ ಬೆಳೆಯ ಸಾಲು. ಆ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಿತ್ತು. ಹಸಿರು ಹೊಲಕ್ಕೆ ಯಾರೋ ಅರಿಶಿನದಲ್ಲಿ ಗೆರೆ ಎಳೆದ ಹಾಗೆ ರೈಲು ಹಳಿಯವರೆಗೂ ಹಳದಿಯೋ ಹಳದಿ. ಹತ್ತಿರ ಹೋದರೆ ಜೇನುಹುಳದ ಸದ್ದು. ಅಕ್ಕ, ನಾನು ಇಬ್ಬರೂ ಅದನ್ನೇ ಮಾಡುವುದು ಎಂದೆವು. ಒಂದು ತುಂಡು ರಾಗಿ ಹೊಲ, ನಡುವೆ ಹುಚ್ಚೆಳ್ಳಿನ ಸಾಲು.

ಹಗಲೆಲ್ಲ ಚೀಲದ ಕೆಲಸ. ಅದು ಮುಗಿದ ಮೇಲೆ ದೀಪ ಹಚ್ಚುವವರೆಗೆ ನಮ್ಮ ಹೊಲದ ಕೆಲಸ. ಅಗಲವಾದ ರಟ್ಟಿಗೆ ಮಣ್ಣಿನ ಬಣ್ಣದ ಕಾಗದ ಅಂಟಿಸಿದೆವು. ತೆಂಗಿನ ಗರಿಯ ಕಡ್ಡಿಗೆ ಹಸಿರು ಕಾಗದ ಸುತ್ತಿ ದಂಟು ಮಾಡಿದೆವು. ರಾಗಿ ತೆನೆ ನೋಡಿದ್ದೀರಲ್ಲ, ಅರ್ಧ ಮುಚ್ಚಿದ ಮುಷ್ಟಿಯ ಹಾಗೆ ಬೆರಳು ಬಾಗಿರುತ್ತದೆ. ಕಂದು ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಕತ್ತರಿಯ ಬೆನ್ನಿನಿಂದ ಎಳೆದರೆ ಪಟ್ಟಿ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದನ್ನು ದಂಟಿನ ತುದಿಗೆ ದಾರದಲ್ಲಿ ಕಟ್ಟಿದೆವು. ತೆನೆ ಚೆನ್ನಾಗಿಯೇ ಬಂತು. ಹುಚ್ಚೆಳ್ಳಿನ ಹೂವನ್ನು ಕೊನೆಗೆ ಇಟ್ಟುಕೊಂಡೆವು. ಪಂದ್ಯ ದಶಮಿಯ ಸಂಜೆ ಎಂದು ಸಾರಿದ್ದರು, ಅಷ್ಟರಲ್ಲಿ ಮಾಡಿದರಾಯಿತು ಎಂದು ನಮ್ಮ ಲೆಕ್ಕ.

ದಶಮಿಯ ಹಿಂದಿನ ದಿನ ಆಯುಧ ಪೂಜೆ. ಅಕ್ಕ ಕತ್ತರಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಇಟ್ಟಳು. ಕಾಗದ ಕೊಯ್ಯುವ ಚಾಕು, ಅಂಟಿನ ಬಟ್ಟಲು, ಅಳತೆಯ ಕೋಲು, ಎಲ್ಲವನ್ನೂ ದೇವರ ಮುಂದೆ ಮಣೆಯ ಮೇಲೆ ಜೋಡಿಸಿದಳು. ಸೇವಂತಿಗೆ ಹೂವು, ಊದುಬತ್ತಿಯ ಹೊಗೆ. ಅಪ್ಪ ಬೂದುಗುಂಬಳಕಾಯಿ ಒಡೆದ. ಊಟ ಮುಗಿಸಿ ಕುಳಿತಿದ್ದೆವು, ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು.

"ನೋಡ್ರಪ್ಪಾ, ಯಜಮಾನ್ರು ನಾಳೆ ಮಧ್ಯಾಹ್ನದ ರೈಲಿಗೇ ವಾಪಸ್ ಹೋಗ್ಬೇಕಂತೆ. ಸಂಜೆ ಅಲ್ಲ, ಬೆಳಿಗ್ಗೆ ಒಂಬತ್ತಕ್ಕೆಲ್ಲಾ ತಂದಿಟ್ಬಿಡಿ" ಎಂದು ಕಾಲು ಕೆಳಗಿಡದೆ ಹೇಳಿ ಮುಂದಿನ ಮನೆಗೆ ಹೋದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಮಣೆಯ ಮೇಲಿನ ಕತ್ತರಿ ನೋಡಿದಳು. ನಮ್ಮ ಹೊಲದಲ್ಲಿ ಒಂದೇ ಒಂದು ಹೂವಿರಲಿಲ್ಲ.

ಪೂಜೆಗೆ ಇಟ್ಟದ್ದನ್ನು ಮರುದಿನ ಸಂಜೆ ಬನ್ನಿ ತರುವವರೆಗೆ ಕದಲಿಸುವಂತಿಲ್ಲ. ಬನ್ನಿಯ ಎಲೆ ಮೇಲೆ ಬಿದ್ದ ಮೇಲೆಯೇ ಕತ್ತರಿ ಮತ್ತೆ ಕೈಗೆ. ಅದು ನಮ್ಮ ಮನೆಯ ಪದ್ಧತಿ. ಆದರೂ ನಾನು ಅಪ್ಪನನ್ನು ಕೇಳಿದೆ.

"ಒಂದೇ ಒಂದು ಕತ್ತರಿ ಅಪ್ಪಾ. ಸಣ್ಣದು. ಮಾಡಿ ಅಲ್ಲೇ ಇಟ್ಬಿಡ್ತೀನಿ."

"ಬನ್ನಿ ಬೀಳೋಗಂಟ ಅದು ಕತ್ತರಿ ಅಲ್ಲ ಕಣ್ಲಾ, ದೇವ್ರು" ಎಂದ ಅಪ್ಪ. "ವರ್ಸವೆಲ್ಲಾ ನಮ್ಗೆ ಅನ್ನ ಹಾಕೈತೆ. ಒಂದಿನ ಮಲಗ್ಲಿ ಬಿಡು."

"ನಾಳೆ ಯಜಮಾನ್ರು ನೋಡಿ ಬ್ಯಾಡ ಅಂದ್ರೆ?"

"ಹೋಟ್ಲಿನೋರು ಎಲ್ಲೂ ಹೋಗಲ್ಲ" ಎಂದು ಅಪ್ಪ ಟವೆಲು ಕೊಡವಿ ಎದ್ದುಹೋದ.

ಬೀದಿಯಲ್ಲಿ ಯಾರ ಹತ್ತಿರ ಹೋಗಿ ಕೇಳುವುದು? ದರ್ಜಿಯ ಕತ್ತರಿ ಪೂಜೆಯಲ್ಲಿ, ಹಜಾಮನ ಕತ್ತರಿಯೂ ಪೂಜೆಯಲ್ಲಿ. ನಾನು ಅಡುಗೆಮನೆಗೆ ನುಗ್ಗಿ ಈಳಿಗೆ ಮಣೆ ಹುಡುಕಿದೆ. ಅವ್ವ ಒಲೆಯ ಮುಂದಿನಿಂದಲೇ ಗದರಿದಳು:

"ಅದ್ಕೂ ಕುಂಕುಮ ಇಟ್ಟೀನಿ, ಮುಟ್ಟೀಯೆ! ಸಾರಿಗೆ ಹುರುಳೀಕಾಯಿನೇ ಕೈಯಲ್ಲಿ ಮುರ್ದು ಹಾಕ್ತಾ ಇವ್ನಿ. ನಿಮ್ದೇನು ಅದಕ್ಕಿಂತ ಹೆಚ್ಚಿಂದು?"

ಅಕ್ಕ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಅವ್ವನ ಕೈಯಲ್ಲಿ ಕಾಯಿ ಪಟಪಟ ಮುರಿಯುತ್ತಿತ್ತು. ಅಕ್ಕ ಹಿತ್ತಲ ಕಡೆ ತಿರುಗಿ, "ಅಪ್ಪಾ, ಕೈನ ಪೂಜೆಗೆ ಇಟ್ಟಿಲ್ವಲ್ಲಾ?" ಎಂದು ಕೂಗಿದಳು. ಹಿತ್ತಲಿನಿಂದ ಅಪ್ಪನ ನಗು ಕೇಳಿಸಿತು. ಅದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಹೂವುಗಳನ್ನು ಕೈಯಲ್ಲೇ ಹರಿಯಲು ಕುಳಿತೆವು. ಮೊದಲು ಹಳದಿ ಕಾಗದವನ್ನು ಪಟ್ಟಿಯಾಗಿ ಹರಿಯಬೇಕು, ಆಮೇಲೆ ಪಟ್ಟಿಯಿಂದ ಎಸಳು. ನಾನು ಹರಿದ ಮೊದಲ ಪಟ್ಟಿ ಹಾವಿನ ಹಾಗೆ ಡೊಂಕಾಗಿ ಓಡಿತು. ಎರಡನೆಯದೂ ಹಾಗೆಯೇ. "ಅಡ್ಡಡ್ಡ ಹರೀತಿದ್ದೀಯ ಕಣೋ, ಕಾಗದ ತಿರುಗ್ಸು" ಎಂದಳು ಅಕ್ಕ. ಕಾಗದಕ್ಕೂ ಮರದ ಹಾಗೆ ನಾರು ಇರುತ್ತದೆ ಮಕ್ಕಳೇ. ನಾರಿನ ಉದ್ದಕ್ಕೆ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡಕ್ಕೆ ಹರಿದರೆ ತನ್ನಿಷ್ಟಕ್ಕೆ ಹೋಗುತ್ತದೆ. ಕಾಗದವನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಬಾಗಿಸಿದರೆ ಯಾವ ಕಡೆಗೆ ಸುಲಭವಾಗಿ ಬಾಗುತ್ತದೆ ಎಂದು ಕೈಗೇ ಗೊತ್ತಾಗುತ್ತದೆ. ತಿರುಗಿಸಿಕೊಂಡೆ. ಮಡಿಚಿ, ಮಡಿಕೆಯ ಮೇಲೆ ಉಗುರು ಎಳೆದು, ನಾಲಿಗೆಯಿಂದ ಒದ್ದೆ ಮಾಡಿ ಎಳೆದರೆ ಸರ್ರನೆ ಬಂತು. ದೀಪ ಹಚ್ಚುವ ಹೊತ್ತಿಗೆ ನನ್ನ ನಾಲಿಗೆ ಹಳದಿ, ಅಕ್ಕನ ನಾಲಿಗೆಯೂ ಹಳದಿ. ಅಂಟಿನ ಬಟ್ಟಲು ಪೂಜೆಯಲ್ಲಿದ್ದುದರಿಂದ ತೆಂಗಿನ ಚಿಪ್ಪಿನಲ್ಲಿ ಗಂಜಿ ಕಲಸಿಕೊಂಡೆವು. ಮಿಕ್ಕ ಹೂವುಗಳನ್ನು ಬೆಳಗ್ಗೆ ಎದ್ದು ಅಂಟಿಸಿ, ಒಂಬತ್ತಕ್ಕೆ ಮುಂಚೆಯೇ ಭಜನೆ ಮಂದಿರ ಸೇರಿದೆವು.

ಅಲ್ಲಿ ಬೆಂಚುಗಳ ಮೇಲೆ ಸಾಲಾಗಿ ಇಟ್ಟಿದ್ದರು. ಕಾಗದದ ಚೆಂಡುಹೂವಿನ ಹಾರ, ಅವರೆ ಬಳ್ಳಿ, ಗೂಡು ಕಟ್ಟುವ ಹಕ್ಕಿ. ಸ್ಟೇಷನ್ ಗುಮಾಸ್ತರ ಮಕ್ಕಳು ತಾವರೆ ಕೆರೆ ಮಾಡಿದ್ದರು. ಹೊಳೆಯುವ ಕಾಗದ, ಒಂದೊಂದು ಎಸಳೂ ಅಚ್ಚು ಹೊಡೆದ ಹಾಗೆ. ಅದರ ಪಕ್ಕದಲ್ಲಿ ನಮ್ಮ ಹೊಲ. ಹರಿದ ಎಸಳಿನ ಅಂಚಿನಲ್ಲಿ ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿದ್ದವು. ದೂರದಿಂದ ಹೊಲವೇ. ಹತ್ತಿರದಿಂದ ಹರಿದ ಕಾಗದ.

ಯಜಮಾನರು ಬಂದರು. ಗಿಡ್ಡ ಮನುಷ್ಯ, ದಪ್ಪ ಕನ್ನಡಕ, ಉಗುರಿನ ಸಂದಿಯಲ್ಲೆಲ್ಲ ಒಣಗಿದ ಅಂಟು. ತಾವರೆ ಕೆರೆಯ ಮುಂದೆ ನಿಂತು ತಲೆಯಾಡಿಸಿದರು. ನಮ್ಮ ಮುಂದೆ ಬಂದು ಬಗ್ಗಿದರು. ಅಪ್ಪ ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದ.

"ತೆನೆ ಚೆಂದಾಗೈತೆ. ಹೂವ್ಯಾಕಪ್ಪಾ ಇಲಿ ಕಡ್ದಂಗೈತೆ?"

ಅಕ್ಕನೇ ಹೇಳಿದಳು: "ಇಲಿ ಅಲ್ಲ ಕಣ್ರೀ, ನನ್ನ ತಮ್ಮ. ಕತ್ತರಿ ಪೂಜೇಲೈತೆ. ಕೈಯಾಗೇ ಹರ್ದಿದ್ದು."

ಸುತ್ತ ನಿಂತವರು ನಕ್ಕರು. ಯಜಮಾನರು ನಗಲಿಲ್ಲ. ಮೇಷ್ಟ್ರ ಮೇಜಿನಿಂದ ಒಂದು ದಪ್ಪ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. "ತಗೋ, ಇದನ್ನ ಎಲ್ಡು ಮಾಡು."

"ಯಾವ ಕಡೆಯಿಂದ?"

"ಅದನ್ನ ನೀನು ಹೇಳ್ಬೇಕು."

ಹಾಳೆಯನ್ನು ಅಂಗೈಗಳ ನಡುವೆ ಹಿಡಿದು ಒಂದು ಸಲ ಬಾಗಿಸಿದೆ. ಗಟ್ಟಿ ಇತ್ತು. ತಿರುಗಿಸಿ ಬಾಗಿಸಿದೆ. ಸುಲಭವಾಗಿ ಬಗ್ಗಿತು. ಆ ಕಡೆಗೇ ಮಡಿಚಿ, ಉಗುರು ಎಳೆದು, ನಾಲಿಗೆ ಆಡಿಸಿ ಹರಿದೆ. ಎರಡು ತುಂಡನ್ನೂ ಅವರ ಮುಂದೆ ಹಿಡಿದೆ. ಅವರು ಅಂಚು ನೋಡಲೇ ಇಲ್ಲ. ನಾನು ಹಾಳೆ ತಿರುಗಿಸಿದಾಗಲೇ ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಿದ್ದರು.

ಬಹುಮಾನ ತಾವರೆ ಕೆರೆಗೆ ಹೋಯಿತು. ಹೋಗಬೇಕಾದದ್ದೇ, ಅದು ಚೆನ್ನಾಗಿತ್ತು. ಚಪ್ಪಾಳೆ ಮುಗಿದ ಮೇಲೆ ಯಜಮಾನರು ಕಂಬದ ಹತ್ತಿರ ಹೋಗಿ ಅಪ್ಪನಿಗೆ ಹೇಳಿದರು: "ನಾರು ತಿಳಿಯೋಕೆ ನನ್ನ ಅಂಗಡಿ ಹುಡುಗ್ರಿಗೆ ವರ್ಸ ಹಿಡಿತೈತೆ ಕಣಯ್ಯ. ಕರ್ಕೊಂಡ್ ಹೋಯ್ತೀನಿ."

"ಯಾವತ್ತು ಕಳಿಸ್ಲಿ ಸ್ವಾಮಿ?"

"ದಶಮಿಗಿಂತ ಒಳ್ಳೇ ದಿನ ಯಾವ್ದೈತೆ? ಇವತ್ತೇ."

ಹೀಗೆ ನಾನು ಆ ವರ್ಷ ಬನ್ನಿ ಮುಡಿಯಲಿಲ್ಲ. ಅವ್ವ ಎರಡು ಅಂಗಿ, ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಟ್ಟಳು. ಅಪ್ಪ ಸ್ಟೇಷನ್ನಿನವರೆಗೆ ಬಂದ. ಅಕ್ಕ ರೈಲು ಹೊರಡುವವರೆಗೂ ಕಿಟಕಿ ಹಿಡಿದು, "ಲೋ, ನಾಲಿಗೆ ತೊಳ್ಕೊಳೋ, ಇನ್ನೂ ಹಳದಿ ಐತೆ" ಎನ್ನುತ್ತಿದ್ದಳು. ರೈಲು ಹೊಲಗಳ ನಡುವೆ ಹೋಯಿತು. ನಾನು ಅಳಲಿಲ್ಲ. ಯಜಮಾನರು ಎದುರಿಗೇ ಕುಳಿತಿದ್ದರು. ಮನೆಗೆ ತಂದಿಟ್ಟ ಕಾಗದದ ಹೊಲವನ್ನು ಅದೇ ಸಂಜೆ ಪಕ್ಕದ ಮನೆಯ ಕರು ಗಂಜಿಯ ವಾಸನೆಗೆ ಅರ್ಧ ತಿಂದಿತಂತೆ. ಅಕ್ಕ ಮುಂದಿನ ಸಲ ಸಿಕ್ಕಾಗ ಹೇಳಿದಳು.

ಈಗ ನಿಮ್ಮ ಸ್ಕೂಲಿನಲ್ಲೂ ಕಾಗದದ ಕೈಕೆಲಸ ಮಾಡಿಸುತ್ತಾರೆ. ಪೆಟ್ಟಿಗೆಯೊಂದು ಮನೆಗೇ ಬರುತ್ತದೆ. ಅದರಲ್ಲಿ ಎಲೆ, ಹೂವು ಎಲ್ಲ ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ. ಹಿಂಬದಿಯ ಹಾಳೆ ಕಿತ್ತರೆ ಅಂಟೂ ಅಲ್ಲೇ ಇರುತ್ತದೆ. ಕೆಂಪು ಎಲೆ ಉದುರುವ ಮರ ಮಾಡುತ್ತೀರಿ, ಅಂಥ ಮರ ನಮ್ಮ ಕಡೆ ನಾನು ಕಂಡಿಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೀರಿ, ಎಲ್ಲರಿಗೂ ಸರ್ಟಿಫಿಕೇಟು ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ನಿಮಗೆ ಓದುವುದು ಬಹಳ ಇದೆ, ಹೊತ್ತು ಇರುವುದಿಲ್ಲ. ನನಗೆ ಹೊತ್ತೂ ಇರಲಿಲ್ಲ, ಓದೂ ಇರಲಿಲ್ಲ, ಒಂದು ಕೆಲಸ ಸಿಗಬೇಕಿತ್ತು. ಸಿಕ್ಕಿತು. ಅಲ್ಲಿಂದ ಮುಂದೆ ನಾನು ಯಾರ ಮುಂದೆಯೂ ಕೈ ಚಾಚಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅರಸೀಕೆರೆಯಲ್ಲಿ ಒಂದು ಬೈಂಡಿಂಗ್ ಅಂಗಡಿ, ಅದರಲ್ಲಿ ಎರಡು ಯಂತ್ರ. ಒಂದು ಮನೆ. ನನ್ನ ಹತ್ತಿರ ಕಲಿತು ಸ್ವಂತ ಅಂಗಡಿ ಇಟ್ಟವರು ಆರು ಜನ. ಮೊಮ್ಮಕ್ಕಳು ನೀವು ನಾಲ್ವರು. ಕಣ್ಣು ಒಂದು ಮಂಜು, ಒಂದು ಚೆನ್ನಾಗಿದೆ. ಕೈ ಎರಡೂ ಚೆನ್ನಾಗಿವೆ.