ಬಾವಿಗೆ ಕಿವಿ ಹಚ್ಚಿದವನು

ಕಲ್ಲು ಒಡೆಯುವವರ ಓಣಿಯ ಹುಡುಗಿಯಾದ ನಾನು ಬಿ.ಎ. ಮುಗಿಸುವುದು ಆಗದ ಮಾತು ಎಂದವನು ಗಣಿಯ ಆಳುಗಳನ್ನು ನಡೆಸುವ ಮುಕಾದಮ ನಿಂಗಪ್ಪ. “ಈಕಿ ಬಿ.ಎ. ಆದ್ಲಂದ್ರ ನಮ್ಮ ಎಮ್ಮಿ ಕಂದಾಯ ವಸೂಲಿ ಮಾಡೂ ತಲಾಟಿ ಆಗತೈತಿ” ಎಂದು ಆಳುಗಳೆಲ್ಲರ ಎದುರಿಗೆ ನಕ್ಕ. ಬಂಡೆಗೆ ಕಿವಿ ಹಚ್ಚಿ ಕೂತಿದ್ದ ನಮ್ಮ ಯಾಕೋಬ ಮಾಮಾ ತಲೆ ಎತ್ತದೆಯೇ ಹೇಳಿದ: “ಆಗ್ಲಿ ಬಿಡೋ ನಿಂಗಪ್ಪಾ. ಎಮ್ಮಿ ತಲಾಟಿ ಆದ್ರ ಬರೇ ಹುಲ್ಲ ತಿಂತೈತಿ.”

ಮಾಮಾ ಎಂದರೆ ನನಗೆ ಮೊದಲು ನೆನಪಾಗುವುದು ಆ ಕಿವಿ. ಅವನು ನಮ್ಮವ್ವನ ಅಣ್ಣ. ಅಪ್ಪ ಸತ್ತ ಮೇಲೆ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆತಂದವನು. ಇಳಕಲ್ಲಿನಾಚೆಯ ಕೆಂಪು ಕಲ್ಲಿನ ಗಣಿಯಲ್ಲಿ ಅವನ ಕೆಲಸ ಕಲ್ಲು ಕಾಯಿಸುವುದು. ಬಂಡೆಯ ಮೇಲೆ ಜಾಲಿಕಟ್ಟಿಗೆ ಹರವಿ ಬೆಂಕಿ ಹಚ್ಚುತ್ತಿದ್ದ. ಕಲ್ಲು ಕಾದು ಒಳಗೆ ಪದರು ಬಿಡುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ಕಿವಿ ಇಟ್ಟು, ಎಲ್ಲಿಯವರೆಗೆ ಬಿಟ್ಟಿದೆ ಎಂದು ಹೇಳುತ್ತಿದ್ದ. ಅವನ ಎಡಕಿವಿಯ ಅಂಚು ಸುಟ್ಟು ಸುಟ್ಟು ಕಪ್ಪಾಗಿತ್ತು. “ಸಾಕು ಅಂತ ಕಲ್ಲ ತಾನ ಹೇಳತೈತಿ. ಕೇಳಾಂವ ಇರಬೇಕು” ಎನ್ನುತ್ತಿದ್ದ.

ನಮ್ಮ ಓಣಿಯ ಏಳು ಕ್ರೈಸ್ತ ಮನೆಗಳಿಗೆ ಪ್ರಾರ್ಥನೆ ನಡೆಸುತ್ತಿದ್ದವನೂ ಅವನೇ. ಓದು ಬರುತ್ತಿರಲಿಲ್ಲ, ಕೇಳಿದ್ದೆಲ್ಲ ಬಾಯಿಪಾಠ. ಮೊದಲ ಮನುಷ್ಯನಿಗೆ ತೋಟ ಕೊಟ್ಟ ದೇವರು ಅದನ್ನು ‘ಕಾಯಿಸು’ ಎಂದನೆಂದು ಅವನು ಎಷ್ಟೋ ವರ್ಷ ನಂಬಿದ್ದ. ಹೇಳಿಕೊಟ್ಟ ಮುದುಕ ಪಾದ್ರಿಗೆ ಹಲ್ಲಿರಲಿಲ್ಲ. ಕೇಳಿಸಿಕೊಂಡವರೋ ದಿನಾ ಕಲ್ಲು ಕಾಯಿಸುವವರು. “ದೇವರು ಕೊಟ್ಟ ಮೊದಲನೇ ಉದ್ಯೋಗ ನಮ್ಮದ ನೋಡ್ರಿ, ಹೊಲದವರದಲ್ಲ” ಎಂದು ಮಾಮಾ ಮೀಸೆ ತಿರುವುತ್ತಿದ್ದ.

ಏಳನೇ ಇಯತ್ತೆಯಲ್ಲಿದ್ದಾಗ ಒಂದು ಭಾನುವಾರ ಪ್ರಾರ್ಥನೆಯಲ್ಲಿ ಬೈಬಲ್ ತೆರೆದು ನಾನು ಆ ಮಾತನ್ನು ಓದಿದೆ.

“ಮಾಮಾ, ಕಾಯಿಸು ಅಂತಿಲ್ಲ. ಕಾಯಿ ಅಂತೈತಿ. ಹೊಲಾ ಕಾಯತಾರಲ್ಲ, ಹಂಗ.”

“ಇನ್ನೊಮ್ಮಿ ಓದ, ಯವ್ವಾ.”

ಮೂರು ಸಲ ಓದಿಸಿದ. ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮಾ ನಗಲಿಲ್ಲ. “ಹಂಗಾರ ಇಷ್ಟ ದಿನಾ ಸುಟ್ಟೇವಿ. ಕಾಯಲಿಲ್ಲ” ಎಂದಷ್ಟೇ ಹೇಳಿ ಎದ್ದು ಹೋದ. ಮರುದಿನ ಮುಕಾದಮನಿಗೆ ಹೇಳಿಬಿಟ್ಟ: ಓಣಿಯ ಬಾವಿಗೆ ಮೇಲ್ಬದಿಯಲ್ಲಿದ್ದ ಬಂಡೆಯನ್ನು ತಾನು ಮುಟ್ಟುವುದಿಲ್ಲ, ಬೇರೆಯವರಿಗೂ ಮುಟ್ಟಗೊಡುವುದಿಲ್ಲ. ಓಣಿಗೆಲ್ಲ ಇದ್ದದ್ದು ಅದೊಂದೇ ಬಾವಿ. ಆ ಬಂಡೆಯ ಸೀಳಿನಿಂದಲೇ ಅದಕ್ಕೆ ನೀರು ಇಳಿಯುತ್ತಿತ್ತು.

ನಾನು ಮ್ಯಾಟ್ರಿಕ್ ಪಾಸಾದ ವರ್ಷ ಗಣಿಗೆ ಸಿಡಿಮದ್ದು ಬಂತು. ಕಲ್ಲಿಗೆ ತೂತು ಕೊರೆದು ಮದ್ದು ತುಂಬುವುದನ್ನು ಮಾಮಾನೂ ಕಲಿತ. ಗಣಿಯ ಸಾಹುಕಾರರಿಗೆ ಬಾವಿಯ ಮೇಲಿನ ಬಂಡೆಯ ಮೇಲೆಯೇ ಕಣ್ಣು. ಕಲ್ಲಿನ ಒಳಗನ್ನು ಬಲ್ಲವನು ಮಾಮಾ ಒಬ್ಬನೇ. ಎರಡು ಸಲ ಹೇಳಿ ಕಳಿಸಿದರು, ಎರಡೂ ಸಲ ಇಲ್ಲವೆಂದ. ಮೂರನೆಯ ಸಲ ಅವರೇ ನಮ್ಮ ಮನೆ ಬಾಗಿಲಿಗೆ ಬಂದರು. ಬಾಗಲಕೋಟೆಯ ಹೆಣ್ಣುಮಕ್ಕಳ ಬೋರ್ಡಿಂಗ್ ನಡೆಸುವ ಪಂಚರಲ್ಲಿ ಅವರೂ ಒಬ್ಬರು. ಅವರ ಶಿಫಾರಸಿನ ಚೀಟಿ ಇಲ್ಲದೆ ನನಗೆ ಅಲ್ಲಿ ಜಾಗವಿರಲಿಲ್ಲ, ಜಾಗವಿಲ್ಲದೆ ಕಾಲೇಜಿಲ್ಲ.

“ಯಾಕೋಬಾ, ನಿನ್ನ ತಂಗಿ ಮಗಳಿಗೆ ಚೀಟಿ ಬೇಕಂತಲ್ಲ?”

“ಬೇಕ್ರಿ, ಸಾಹುಕಾರ್ರ.”

“ನನಗ ಆ ಕಲ್ಲ ಬೇಕು.”

ಮಾಮಾ ನನ್ನತ್ತ ತಿರುಗಿ ನೋಡಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಇದನ್ನು ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ಮಂಗಳವಾರ ಮಾಮಾ ತುಂಬಿದ ಮದ್ದು ಸಿಡಿಯಿತು. ಬಂಡೆ ಬೆಣ್ಣೆಯಂತೆ ಕಳಚಿ ಬಂತು, ಸಾಹುಕಾರರು ಮಾಮಾನ ಬೆನ್ನು ತಟ್ಟಿದರು. ಗುರುವಾರ ಬಾವಿಯ ನೀರು ಕೆಂಪಾಯಿತು. ನಾನು ಟ್ರಂಕು ಹೊತ್ತು ಬಾಗಲಕೋಟೆಗೆ ಹೊರಡುವ ಹೊತ್ತಿಗೆ ತಳ ಕಾಣುತ್ತಿತ್ತು.

ರಜೆಗೆ ಬಂದಾಗಲೆಲ್ಲ ಓಣಿಯ ಹೆಂಗಸರು ಕೊಡ ಹೊತ್ತು ಹಳ್ಳದ ದಾರಿ ಹಿಡಿದಿರುತ್ತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. “ಕಾಲೇಜಿನ್ಯಾಗ ನಳಾ ಅದಾವೇನ?” ಎಂದು ಒಬ್ಬಾಕೆ ಸುಮ್ಮನೆ ಕೇಳಿದಳು. ಮಾಮಾ ಪ್ರಾರ್ಥನೆ ನಡೆಸುವುದನ್ನು ಬಿಟ್ಟಿದ್ದ, ಪ್ರಾರ್ಥನೆಯ ಹೊತ್ತಿಗೆ ಹೊಸ್ತಿಲಾಚೆ ಕೂರುತ್ತಿದ್ದ. ಪಾದ್ರಿಗಳು ಬಂದು ಪ್ರಭುಭೋಜನದ ದ್ರಾಕ್ಷಾರಸದ ಬಟ್ಟಲು ಕೊಟ್ಟರೆ ಕೈ ಹಿಂದೆ ಕಟ್ಟುತ್ತಿದ್ದ.

“ತಪ್ಪು ಒಪ್ಪಿಕೊಂಡವರಿಗೆ ಕ್ಷಮೆ ಉಂಟಪ್ಪ, ಯಾಕೋಬ” ಎಂದರು ಪಾದ್ರಿಗಳು.

“ದೇವರು ಕ್ಷಮಾ ಮಾಡ್ಯಾನ್ರಿ. ಮಂದಿ ನೀರಡಿಸ್ಯಾರಲ್ಲ.”

ದಿನಕ್ಕೊಮ್ಮೆ ಆ ಒಣಬಾವಿಯ ಕಟ್ಟೆಗೆ ಹೋಗಿ ಕಲ್ಲಿಗೆ ಕಿವಿ ಹಚ್ಚುತ್ತಿದ್ದ. ಒಮ್ಮೆ ನನ್ನನ್ನೂ ಬಗ್ಗಿಸಿದ. “ಕೇಳತೈತೇನ? ನೀರ ಹೋಗಿಲ್ಲ. ಕೆಳಗ ಎಲ್ಲೋ ದಾರಿ ತಪ್ಪಿ ತಿರಗಾಕ ಹತ್ತೈತಿ.” ನನಗೆ ಏನೂ ಕೇಳಿಸಲಿಲ್ಲ. ಕೇಳತೈತಿ ಅಂದೆ. ಆದರೆ ಬೋರ್ಡಿಂಗಿಗೆ ಮರಳಿದ ಮೇಲೆ ವಾರವೆಲ್ಲ ನಳದ ಕೆಳಗೆ ಕೈ ಒಡ್ಡಿದಾಗಲೆಲ್ಲ ಕಲ್ಲಿನೊಳಗೆ ಯಾರೋ ಓಡಾಡಿದಂತಾಗುತ್ತಿತ್ತು.

ಮಾಮಾ ಈಗಿಲ್ಲ. ನಮ್ಮ ಕೊನೆಯ ಭೇಟಿ ನಾನು ಪದವಿಯ ಪ್ರಮಾಣಪತ್ರ ತಂದ ದಿನ. ಕಲ್ಲಿನ ಧೂಳು ಎದೆಗಿಳಿದು ಹಾಸಿಗೆ ಹಿಡಿದಿದ್ದ. ಅಷ್ಟರಲ್ಲಿ ಗಣಿ ಕೆಳಗಿನ ಊರಿನತ್ತ ಸರಿದಿತ್ತು, ಅಲ್ಲಿನ ಬಾವಿಯ ಮೇಲಿನ ಬಂಡೆಗೂ ತೂತು ಕೊರೆಯಲು ಗುರುತು ಹಾಕಿದ್ದರು. ಅವ್ವ ಅವನನ್ನು ಎತ್ತಿ ಗೋಡೆಗೆ ಆನಿಸಿ ಕೂರಿಸಿದಳು. ಪತ್ರವನ್ನು ಅವನ ಕೈಗೆ ಕೊಟ್ಟೆ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ.

“ಚಲೋ ಆತು, ಯವ್ವಾ. ಈಗೊಂದು ಹಾಳಿ ತಗೋ. ಹುನಗುಂದ ತಾಲೂಕಿನ ಮಾಮಲೇದಾರರಿಗೆ ಅರ್ಜಿ ಬರಿ, ಕೆಳಗಿನ ಊರ ಬಾವಿ ಉಳಸ್ರಿ ಅಂತ. ನಮ್ಮ ಬಾವಿ ಒಡದಾಂವ ಯಾಕೋಬ ಅಂತ ಮೊದಲ ಬರಿ, ನಾ ಹೆಬ್ಬಟ್ಟ ಒತ್ತತೇನಿ.” ಕೆಮ್ಮು ಇಳಿಯುವವರೆಗೆ ತಡೆದು ಹೇಳಿದ: “ಯಾರ ಸಲುವಾಗಿ ಒಡದಾ ಅನ್ನೂದು ಬ್ಯಾಡ.”