ಎರಡು ಮನೆಗೆ ದೀಪ ಹಚ್ಚಿದ ಚೆಲುವಮ್ಮ

ಚೆಲುವಮ್ಮನ ಸಂಸಾರದ ಸುದ್ದಿ ಪುಟ್ಟತಾಯಮ್ಮನ ಕಿವಿಗೆ ಮೊದಲು ಬಿದ್ದದ್ದು ಬಚ್ಚಲ ಒಲೆಯ ಮುಂದೆ. ಹಂಡೆಯ ಕೆಳಗೆ ತೆಂಗಿನ ಮಟ್ಟೆ ತುರುಕುತ್ತಾ ಕೂತಿದ್ದಳು. ಗಂಡ ಜವರಯ್ಯ ಕಾಯಿ ಮಂಡಿಯಿಂದ ಬಂದವರು ಚಪ್ಪಲಿ ಬಿಡುತ್ತಲೇ, "ಹಿಂದಿನ ಮನೆಗೆ ಜನ ಸಿಕ್ಕಿದ್ರು ಕಣೇ" ಅಂದರು.

"ಯಾರು? ಎಷ್ಟು ಜನ?"

"ಗಂಡ, ಹೆಂಡ್ತಿ, ಒಂದು ಹೆಣ್ಣು ಮಗು, ಆತನ ತಾಯಿ. ಬನ್ನೂರು ಕಡೆಯೋರು. ಆತ ಬಸ್ ಕಂಪನೀಲಿ ಮೆಕ್ಯಾನಿಕ್ಕು, ಸಿದ್ದರಾಜು ಅಂತ. ಮನೆ ನೋಡಕ್ಕೆ ಒಬ್ನೇ ಬಂದಿದ್ದ. ಹೆಂಡ್ತಿ ಒಂದೇ ಒಂದು ಮಾತು ಕೇಳ್ಕೊಂಡು ಬನ್ನಿ ಅಂದವಳಂತೆ."

"ಬಾಡಿಗೆ ಇಳಿಸಿ ಅಂತಲೋ?"

"ಅಲ್ಲ. ಅಡುಗೆಮನೆ ನೆಲ ಅಗೆದು ಒರಳುಕಲ್ಲು ಹೂಳಬಹುದಾ ಅಂತ."

ಪುಟ್ಟತಾಯಮ್ಮನಿಗೆ ನಗು ಬಂತು. ಬಾಡಿಗೆಗೆ ಬರುವವರು ನಲ್ಲಿ ನೀರು ಕೇಳುತ್ತಾರೆ, ಬಿಸಿಲು ಬೀಳುತ್ತದಾ ಕೇಳುತ್ತಾರೆ, ಪಕ್ಕದ ಮನೆಯವರು ಜಗಳಗಂಟರೋ ಏನೋ ಅಂತ ಸುತ್ತಿ ಬಳಸಿ ಕೇಳುತ್ತಾರೆ. ಮನೆಯನ್ನು ನೋಡುವ ಮೊದಲೇ ನೆಲ ಅಗೆಯುತ್ತೇನೆ ಅನ್ನುವವಳನ್ನು ಅವಳು ಕಂಡಿರಲಿಲ್ಲ. "ಹೂಳಲಿ ಬಿಡಿ, ಕಲ್ಲೇನು ನಮ್ಮ ಅನ್ನ ಉಣ್ಣುತ್ತಾ" ಅಂದಳು. ಇದು ಐವತ್ತೆಂಟನೇ ಇಸವಿಯ ಮಾತು. ಕೃಷ್ಣಮೂರ್ತಿಪುರಂನಲ್ಲಿ ಆಗಿನ್ನೂ ಎರಡು ಮನೆಗೊಂದು ಖಾಲಿ ಸೈಟು ಇತ್ತು.

ಸಾಮಾನು ಬಂದದ್ದು ಒಂಟೆತ್ತಿನ ಗಾಡಿಯಲ್ಲಿ. ಪಾತ್ರೆಗಳಿಗಿಂತ ಮುಂಚೆ ಇಳಿದದ್ದು ಒರಳು. ಕಪ್ಪು ಕಲ್ಲು, ಅಂಚೆಲ್ಲಾ ಸವೆದು ನುಣ್ಣಗಾಗಿತ್ತು. ಅದರ ಹಿಂದೆ ಇಳಿದವಳು ಚೆಲುವಮ್ಮ. ಸಣ್ಣ ಆಳು, ದೊಡ್ಡ ಕಣ್ಣು, ಮೂವತ್ತು ದಾಟಿರದಿದ್ದರೂ ದಾಟಿ ಎಷ್ಟೋ ವರ್ಷ ಆದವಳ ಮುಖ.

ಸ್ವಾತಂತ್ರ್ಯ ಬಂದ ವರ್ಷ ಮದುವೆಯಾಗಿ, ಅದೇ ವರ್ಷ ಗಂಡನ ಹಿಂದೆ ಮೈಸೂರಿಗೆ ಬಂದವಳು ಅವಳು. ಲಷ್ಕರ್ ಮೊಹಲ್ಲಾದಲ್ಲಿ ಒಂದು ಕೋಣೆ; ಮಳೆಗೆ ಗೋಡೆ ಕುಸಿಯಿತು. ನಜರಬಾದಿನಲ್ಲಿ ಮನೆಯವರ ಮಗನಿಗೆ ಮದುವೆ ಅಂತ ಬಿಡಿಸಿದರು. ಇನ್ನೊಂದು ಕಡೆ ಬಾವಿ ಬತ್ತಿತು, ಮತ್ತೊಂದು ಕಡೆ ಮನೆಯೇ ಮಾರಾಟವಾಯಿತು. ಪ್ರತಿ ಮನೆಗೂ ಒಂದೊಂದು ಕಾರಣ. ಯಾವ ಕಾರಣವೂ ಅವಳದ್ದಲ್ಲ. ಎಲ್ಲಾ ಕಡೆಗೂ ತವರಿನ ಆ ಒರಳು ಹಿಂದೆಯೇ ಬಂತು. ಹೂಳದ ಒರಳು ರುಬ್ಬುವಾಗ ಕುಣಿಯುತ್ತದೆ. ಗೋಣಿಚೀಲದ ಮೇಲಿಟ್ಟು ಎರಡು ಕಾಲಿನಲ್ಲಿ ಅದುಮಿ ಹಿಡಿದು ರುಬ್ಬಬೇಕು. ಹಾಗೆ ರುಬ್ಬಿ ರುಬ್ಬಿ ಚೆಲುವಮ್ಮನ ತೊಡೆ ಸಂದು ಹಿಡಿದುಕೊಂಡಿತ್ತು.

ಗಾರೆಯವನು ಬಂದು ಒರಳು ಹೂಳಿ ಸುತ್ತ ಸಿಮೆಂಟು ಬಳಿದು ಹೋದ ಮೇಲೆ, ಅವಳು ಅದರ ಪಕ್ಕ ಕಾಲು ಚಾಚಿ ಕೂತಳು. "ಇನ್ನು ನಾನು ಏಳಾಕಿಲ್ಲ ಅಕ್ಕ. ಇದೂ ಏಳಾಕಿಲ್ಲ."

ಏಳಲೂ ಇಲ್ಲ, ಆರು ವರ್ಷ. ಬೇರೆಯವರ ಹಬ್ಬದ ಹಿಟ್ಟನ್ನೂ ಅಲ್ಲೇ ರುಬ್ಬಿಕೊಡುತ್ತಿದ್ದಳು. ಯಾರ ಹತ್ತಿರವೂ ಒಂದು ಲೋಟ ಸಕ್ಕರೆ ಕೇಳಿದವಳಲ್ಲ. ಹಿತ್ತಿಲಲ್ಲಿ ಕರಿಬೇವು ನೆಟ್ಟಳು, ಅದು ಮಾಡಿನ ಎತ್ತರ ಬಂತು. ಅತ್ತೆ ಕೆಂಚಮ್ಮ ಜಗುಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಹೋಗಿ ಬರುವವರ ಪೂರ್ವೋತ್ತರ ವಿಚಾರಿಸುತ್ತಿದ್ದಳು. ಮಗಳು ಪ್ರೇಮಲೀಲಾ ಸ್ಕೂಲಿಗೆ ಸೇರಿದಳು.

ಈ ನಡುವೆ ಯಾದವಗಿರಿ ಕಡೆ ಮೋಟಾರ್ ಸೈಕಲ್ ಫ್ಯಾಕ್ಟರಿ ಶುರುವಾಗಿ, ಸಿದ್ದರಾಜು ಬಸ್ ಕಂಪನಿ ಬಿಟ್ಟು ಅಲ್ಲಿ ಫಿಟ್ಟರ್ ಆದ. ಊರಿನ ಆ ತುದಿಯಿಂದ ಈ ತುದಿಗೆ ದಿನಾ ಸೈಕಲ್ಲು. ಮೊದಲೆರಡು ವರ್ಷ ಸಿಳ್ಳೆ ಹಾಕಿಕೊಂಡೇ ಹೋದ. ಮೂರನೇ ವರ್ಷ ಸಿಳ್ಳೆ ನಿಂತಿತು. ಅರವತ್ತನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಊಟದ ಮುಂದೆ ಅಂದ: "ಆ ಕಡೇನೇ ಎಲ್ಲಾದ್ರೂ ಮನೆ ಮಾಡಾನ."

ಚೆಲುವಮ್ಮ ಸಾರಿನ ಸೌಟು ಅಲ್ಲೇ ನಿಲ್ಲಿಸಿದಳು. "ಮನೆ ಯಾಕೆ ಬದಲಾಯಿಸಬೇಕು? ಒಂದು ಗಾಡಿ ತಗೊಳ್ಳಿ. ಊರೋರಿಗೆಲ್ಲ ಮಾಡಿ ಕೊಡ್ತೀರಲ್ಲ."

"ದಿನವೆಲ್ಲ ಅದರ ಹೊಟ್ಟೆಯೊಳಗೇ ಕೈಯಿಟ್ಟಿರ್ತೀನಿ. ಮನೇಲೂ ಅದರ ಮಕಾನೇ ನೋಡಬೇಕಾ?"

"ನಾನು ದಿನವೆಲ್ಲ ಒಲೆ ಮಕ ನೋಡ್ತೀನಿ. ಬ್ಯಾಡ ಅಂದ್ನಾ?"

ಕೆಂಚಮ್ಮ ಜಗುಲಿಯಿಂದಲೇ ಬಾಯಿ ಹಾಕಿದಳು. "ಅದು ಗಾಡಿಯಲ್ಲ ಕಣಮ್ಮಿ, ದೆವ್ವ. ಎತ್ತಾದ್ರೆ ಹೋ ಅಂದ್ರೆ ನಿಂತ್ಕತ್ತದೆ. ಅದು ನಿಂತ್ಕತ್ತದಾ?"

"ಬ್ರೇಕು ಅಂತ ಇರುತ್ತೆ ಅಜ್ಜಿ," ಅಂದಳು ಪ್ರೇಮಲೀಲಾ.

"ಆ ಬ್ರೇಕು ನಿಮ್ಮಪ್ಪನ ಮಾತು ಕೇಳ್ತದಾ? ಈ ಮನೇಲಿ ಯಾರೂ ಕೇಳಾಕಿಲ್ಲ."

ಹೀಗೆ ಹೊತ್ತಿಕೊಂಡ ಮಾತು ಆರಲಿಲ್ಲ. ಗಂಡ ಮನೆ ಅಂದರೆ ಹೆಂಡತಿ ಗಾಡಿ ಅನ್ನುವಳು. ಬೇರೆ ಮನೆಗಳಲ್ಲಿ ಗಂಡಸರು ಗಾಡಿ ಬೇಕು ಅಂತ ಕುಣಿದರೆ ಹೆಂಗಸರು ಹಿಡಿದು ಕೂರಿಸುತ್ತಾರೆ. ಇಲ್ಲಿ ಎಲ್ಲಾ ತಿರುಗುಮುರುಗು ಅಂತ ಪುಟ್ಟತಾಯಮ್ಮ ಗಂಡನ ಹತ್ತಿರ ಹೇಳಿ ನಕ್ಕಳು. ಚೆಲುವಮ್ಮನಿಗೆ ಗಾಡಿ ಮೇಲೆ ಆಸೆಯಿಲ್ಲ, ನೆಲದೊಳಗೆ ಹೂತ ಒರಳಿನ ಮೇಲೆ ಆಸೆ ಅನ್ನುವುದು ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ಫ್ಯಾಕ್ಟರಿಯ ಗೆಳೆಯ ಮಹದೇವು ತನ್ನ ಹೊಸ ಗಾಡಿ ತಂದು ವಠಾರದ ಮುಂದೆ ನಿಲ್ಲಿಸಿದ. ಚೆಲುವಮ್ಮನೇ ಹೇಳಿ ಕಳಿಸಿದ್ದಳು. ಕೆಂಚಮ್ಮ ಬೈದುಕೊಂಡೇ ನಿಂಬೆಹಣ್ಣು ಇಳಿ ತೆಗೆದು ಚಕ್ರದ ಕೆಳಗಿಟ್ಟಳು.

"ಹತ್ತು ಸಿದ್ದಣ್ಣ, ಅತ್ತಿಗೇನ ಒಂದು ಸುತ್ತು ಕರ್ಕೊಂಡೋಗು."

"ನೀನೇ ಸ್ಟಾರ್ಟ್ ಮಾಡಿಕೊಡಪ್ಪ. ನಿನ್ನ ಕುದುರೆ ನಿನ್ನ ಮಾತೇ ಕೇಳೋದು."

ಮಹದೇವು ಒಂದು ಒದೆ ಒದ್ದ. ಗಾಡಿ ಗುಡುಗಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಚೆಲುವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಹಿಂದೆ ಒಂದು ಪಕ್ಕಕ್ಕೆ ಕೂತು ಹೋದದ್ದೇ ಹೋದದ್ದು. ಮುಕ್ಕಾಲು ಗಂಟೆಯ ಮೇಲೆ ವಾಪಸು ಬಂದದ್ದು ನಡೆದುಕೊಂಡು. ಸಿದ್ದರಾಜು ಬೆವರು ಸುರಿಸುತ್ತಾ ಗಾಡಿ ತಳ್ಳುತ್ತಿದ್ದ, ಇವಳು ಹಿಂದಿನಿಂದ ಕೈ ಕೊಟ್ಟಿದ್ದಳು.

"ಸರ್ಕಲ್ ಹತ್ರ ನಿಂತೋಯ್ತು. ಪೆಟ್ರೋಲಿಗೇನೋ ಕಸ ಬಂದದೆ," ಅಂದ ಸಿದ್ದರಾಜು.

ಮಹದೇವು ಒಂದೇ ಸಲ ಒದ್ದ. ಗಾಡಿ ಗುಡುಗಿತು. ವಠಾರಕ್ಕೆ ವಠಾರವೇ ಬಿದ್ದು ಬಿದ್ದು ನಕ್ಕಿತು. "ಕಟ್ಟಿದೋನಿಗೇ ಕೈ ಕೊಡ್ತಲ್ಲಪ್ಪಾ!" ಅಂದರು ಜವರಯ್ಯ. ಸಿದ್ದರಾಜುವೂ ನಕ್ಕ. ಆದರೆ ನಿಂತು ನಗಲಿಲ್ಲ, ಜಗುಲಿ ಹಿಡಿದು ಕೂತು ನಕ್ಕ. ಆಗ ಅದನ್ನು ಯಾರೂ ಗಮನಿಸಲಿಲ್ಲ.

ಅವತ್ತು ಸಂಜೆ ರುಬ್ಬುತ್ತಾ ಚೆಲುವಮ್ಮ ಅಂದಳು: "ಗಾಳಿ ಹೆಂಗೆ ಬತ್ತದೆ ಅಕ್ಕ, ಅದರ ಮೇಲೆ ಕೂತ್ರೆ! ಅದೊಂದು ಬಂದ್ಬುಟ್ರೆ ಫ್ಯಾಕ್ಟರಿ ಎಷ್ಟು ದೂರ ಇದ್ರೇನು. ನಾನು ಇಲ್ಲೇ ಇರ್ತೀನಿ." ಅವಳು ಹಾಗೆ ಬಾಯಿ ಬಿಟ್ಟು ನಕ್ಕಿದ್ದನ್ನು ಪುಟ್ಟತಾಯಮ್ಮ ಅದೇ ಮೊದಲು ನೋಡಿದ್ದು.

ಆಷಾಢ ಹತ್ತಿರ ಬಂತು. ಅಷ್ಟರಲ್ಲಿ ಯಾದವಗಿರಿ ದಿಬ್ಬದ ಬಂಗಲೆಗಳ ಹಿಂದೆ, ಒಂದು ಓಣಿಯಲ್ಲಿ ಸಿದ್ದರಾಜುವಿಗೆ ಮನೆ ಸಿಕ್ಕಿತು. ಆಷಾಢದಲ್ಲಿ ಮನೆ ಬದಲಾಯಿಸುವಂತಿಲ್ಲ, ತಿಂಗಳು ಕಾದರೆ ಆ ಮನೆ ಇನ್ಯಾರದೋ ಪಾಲು. ಕೆಂಚಮ್ಮ ಉಪಾಯ ಹೇಳಿದಳು: "ಅಮಾಸೆಗೆ ಮುಂಚೆ ಹೋಗಿ ಹಾಲುಕ್ಕಿಸಿ ಬಂದ್ಬುಡಾನ. ಮನೆ ಹಿಡಿದಂಗಾಯ್ತದೆ. ಆಮೇಲೆ ಹೋದ್ರೆ ಹೋದ್ವು, ಬುಟ್ರೆ ಬುಟ್ವು."

ಚೆಲುವಮ್ಮ ಒಪ್ಪಿದಳು. ಒಂದು ಪಾವು ಹಾಲು ಉಕ್ಕಿದರೆ ಏನಾಯಿತು, ಅಷ್ಟರಲ್ಲಿ ಗಾಡಿಗೆ ಗಂಡನನ್ನು ಒಪ್ಪಿಸಬಹುದು ಅಂತ ಅವಳ ಲೆಕ್ಕ. ಹೋದರು. ಹಾಲು ಪೂರ್ವಕ್ಕೇ ಉಕ್ಕಿತು. ಉಪ್ಪು, ಅರಿಶಿನ, ಒಂದು ದೀಪ ಇಟ್ಟು ಬೀಗ ಹಾಕಿ ಬಂದರು.

ಮಾರನೇ ದಿನ ಸಂಜೆ ದೇವರ ಮುಂದೆ ಕೂತಿದ್ದ ಕೆಂಚಮ್ಮ ತಟ್ಟನೆ ಎದೆ ಹಿಡಿದುಕೊಂಡಳು. "ಅಯ್ಯೋ ಶಿವನೆ! ಅಲ್ಲಿಗೆ ದೀಪ?"

ಎಲ್ಲರಿಗೂ ಗೊತ್ತಿದ್ದ ಮಾತೇ. ಹಾಲುಕ್ಕಿದ ಮನೆ ಸಂಜೆ ಕತ್ತಲಲ್ಲಿ ಇರಬಾರದು. ಊರುಗಳಲ್ಲಾದರೆ ಹಾಲುಕ್ಕಿಸಿದ ದಿನವೇ ಒಕ್ಕಲಾಗುತ್ತಿದ್ದರು, ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಾಲುಕ್ಕಿಸಿ ಮನೆ ಕಾದಿರಿಸುವುದು ಪೇಟೆಯ ಬುದ್ಧಿ. ದೀಪ ಹಚ್ಚಬೇಕು ಅನ್ನುವುದು ಊರಿನ ಬುದ್ಧಿ. ಎರಡೂ ಒಂದೇ ಮನೆಯಲ್ಲಿ ಸೇರಿ ಚೆಲುವಮ್ಮನ ಕಾಲಿಗೆ ಬಂದವು.

"ಫ್ಯಾಕ್ಟರಿ ಬುಟ್ಟು ಬರುವಾಗ ನಾನೇ ಹಚ್ಚಿ ಬತ್ತೀನಿ," ಅಂದ ಸಿದ್ದರಾಜು.

"ಆ ಎಣ್ಣೆ ಕೈಲಾ? ಸುಮ್ಕಿರ್ಲಾ. ಮನೆ ಹೆಂಗಸು ಹಚ್ಚಬೇಕು," ಅಂದಳು ಮುದುಕಿ.

ಅಲ್ಲಿಂದ ದಿನಾ ಸಂಜೆ ಚೆಲುವಮ್ಮ ಎಣ್ಣೆ ಬುಡ್ಡಿ ಹಿಡಿದು ಹೊರಟಳು. ಅಗ್ರಹಾರ ದಾಟಿ, ರೈಲ್ವೆ ಸ್ಟೇಷನ್ ದಾಟಿ, ದಿಬ್ಬ ಹತ್ತಿ, ದೀಪ ಹಚ್ಚಿ, ಮತ್ತೆ ಅಷ್ಟೂ ದೂರ ವಾಪಸು ಬಂದು ಇಲ್ಲಿಯ ದೀಪ, ಇಲ್ಲಿಯ ಒಲೆ. ಆಷಾಢದ ಶುಕ್ರವಾರ ಊರಿಗೆ ಊರೇ ಚಾಮುಂಡಿ ಬೆಟ್ಟ ಹತ್ತಿದರೆ ಇವಳು ಯಾದವಗಿರಿ ಹತ್ತಿದಳು. ಗಾಳಿಗೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಆಗಾಗ ಪುಟ್ಟತಾಯಮ್ಮನೂ ಜೊತೆಗೆ ಹೋಗುತ್ತಿದ್ದಳು. ಒಮ್ಮೆ ದಾರಿಯಲ್ಲಿ ಚೆಲುವಮ್ಮ ಅಂದಳು, "ಒಂದು ಮನೆ ಬುಟ್ಟು ಇನ್ನೊಂದಕ್ಕೆ ಹೋಗದು ಕಷ್ಟ ಅಂದ್ಕೊಂಡಿದ್ದೆ ಅಕ್ಕ. ಎರಡೂ ಇಟ್ಕಳದು ಅದಕ್ಕಿಂತ ಕಷ್ಟ." ಆದರೂ ಗಾಡಿಯ ಮಾತು ಬಿಟ್ಟಿರಲಿಲ್ಲ. ತನ್ನ ಓಡಾಟ ನೋಡಿಯಾದರೂ ಗಂಡನ ಮನಸ್ಸು ಕರಗೀತು ಅಂತ ಕಾದಿದ್ದಳು. ಗಂಡನೋ ಆಷಾಢ ಪೂರ್ತಿ ಓವರ್‌ಟೈಮು ಅಂತ ತಡವಾಗಿ ಬರುತ್ತಿದ್ದ.

ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ದಿನ ಮೋಡ ಕವಿದಿದೆ ಅಂತ ಇಬ್ಬರೂ ಬೇಗನೆ ಹೊರಟರು. ಹೋಗಿ ನೋಡಿದರೆ ಮನೆಯ ಬೀಗ ತೆಗೆದಿದೆ, ಬಾಗಿಲು ಓರೆ. ಒಳಗೆ ಗೋಡೆಗೆ ಒರಗಿಸಿದ ಸೈಕಲ್ಲು. ನಡುಮನೆಯ ಬರೀ ನೆಲದ ಮೇಲೆ ಸಿದ್ದರಾಜು ಊಟದ ಚೀಲ ತಲೆಗಿಟ್ಟುಕೊಂಡು ಮಲಗಿದ್ದ. ಪ್ಯಾಂಟು ಮೇಲಕ್ಕೆ ಮಡಚಿತ್ತು. ಒಂದು ಮಂಡಿ ಹಲಸಿನ ಕಾಯಿಯ ಹಾಗೆ ಊದಿ, ಅದರ ಸುತ್ತ ಒದ್ದೆ ಬಟ್ಟೆ.

ಪುಟ್ಟತಾಯಮ್ಮ ಹೊಸಿಲಲ್ಲೇ ನಿಂತಳು. ಚೆಲುವಮ್ಮ ಸದ್ದು ಮಾಡದೆ ಒಳಗೆ ಹೋಗಿ ಬತ್ತಿ ಹೊಸೆದು ದೀಪ ಹಚ್ಚಿದಳು. ಕಡ್ಡಿ ಗೀರಿದ ಸದ್ದಿಗೆ ಅವನಿಗೆ ಎಚ್ಚರವಾಯಿತು. ಎದ್ದು ಕೂತು, ಮೊದಲು ಮಾಡಿದ ಕೆಲಸ ಪ್ಯಾಂಟು ಕೆಳಗೆಳೆದದ್ದು.

"ಓವರ್‌ಟೈಮು ಇಲ್ಲೇ ಮಾಡ್ತೀರಾ?"

ಅವನು ಮಂಡಿಯ ಮೇಲೆ ಕೈಯಿಟ್ಟುಕೊಂಡ. "ಬಸ್ ಕಂಪನೀಲಿ ಜಾಕು ಜಾರಿ ಏಟು ಬಿದ್ದಿತ್ತಲ್ಲ, ಅದೇ ಮಂಡಿ. ನಿಂತು ಕೆಲಸ ಮಾಡಿದ್ರೆ ಹಿಂಗಾಯ್ತದೆ. ಸೈಕಲ್ ತುಳಿಯಕ್ಕೆ ಆಗಾಕಿಲ್ಲ. ಒಂದು ಗಳಿಗೆ ಇಲ್ಲಿ ಬಿದ್ಕಂಡ್ರೆ ಹೆಂಗೋ ಮನೆ ಮುಟ್ತೀನಿ. ನೀ ಬರೋಕೆ ಮುಂಚೆ ಎದ್ದು ಹೋಗ್ತಿದ್ದೆ, ಇವತ್ತು ನಿದ್ದೆ ಹತ್ಬುಡ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಅವ್ವಂಗೆ ಗೊತ್ತಾಯ್ತದೆ. ಅವ್ವಂಗೆ ಗೊತ್ತಾದ್ರೆ ಮೈಸೂರಿಗೆಲ್ಲ ಗೊತ್ತಾಯ್ತದೆ. ಕುಂಟ ಫಿಟ್ಟರ್‌ನ ಯಾರು ಇಟ್ಕತಾರೆ?"

"ಅದಕ್ಕೇ ಅಲ್ವಾ ನಾನು ಬಡ್ಕೊಂಡಿದ್ದು, ಗಾಡಿ ತಗೊಳ್ಳಿ ಅಂತ—"

"ಅದನ್ನ ಒದೆಯಕ್ಕೂ ಇದೇ ಕಾಲು ಬೇಕಲ್ಲೇ."

ಆಗ ಪುಟ್ಟತಾಯಮ್ಮನಿಗೆ ಆ ಭಾನುವಾರ ನೆನಪಾಯಿತು. ಸರ್ಕಲ್ಲಿನಿಂದ ಅಷ್ಟು ದೂರ ತಳ್ಳಿಕೊಂಡು ಬಂದದ್ದು, ಪೆಟ್ರೋಲಿನ ಕಸ, ಜಗುಲಿ ಹಿಡಿದು ಕೂತು ನಕ್ಕ ನಗು. ಚೆಲುವಮ್ಮನಿಗೂ ನೆನಪಾಗಿರಬೇಕು. ಅವಳು ಪಕ್ಕ ಕೂತು ಪ್ಯಾಂಟು ಮತ್ತೆ ಮೇಲಕ್ಕೆ ಮಡಚಿದಳು. ಆ ಒದ್ದೆ ಬಟ್ಟೆ ಬಿಚ್ಚಿ, ಬುಡ್ಡಿಯಲ್ಲಿ ಉಳಿದಿದ್ದ ದೀಪದ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಮಂಡಿಗೆ ತಿಕ್ಕತೊಡಗಿದಳು. ತಿಕ್ಕಿದಳು, ತಿಕ್ಕಿದಳು, ಹೊರಗೆ ಮಳೆ ಬಂದು ನಿಂತಿತು.

ವಾಪಸು ಬರುವಾಗ ಸೈಕಲ್ಲನ್ನು ಅವಳೇ ತಳ್ಳಿದಳು. ಅವನು ಸೀಟು ಹಿಡಿದುಕೊಂಡು ನಡೆದ. ಸ್ಟೇಷನ್ ಹತ್ತಿರ ಬಂದಾಗ, ಯಾರ ಮುಖವನ್ನೂ ನೋಡದೆ ಅಂದಳು: "ಶ್ರಾವಣ ಹುಟ್ಟಿದ ಕೂಡ್ಲೆ ಹೊರಡ್ತೀವಿ ಅಕ್ಕ. ಮನೇಲಿ ಅಣ್ಣಂಗೆ ಹೇಳ್ಬುಡಿ."

ಹೊರಡುವ ದಿನ ಸಿದ್ದರಾಜು ಒರಳು ಕೀಳಲು ಹಾರೆ ತಂದ. ಚೆಲುವಮ್ಮ ತಡೆದಳು.

"ತವರಿನ ಕಲ್ಲು ಕಣೇ!"

"ಇರ್ಲಿ ಬುಡಿ. ಎದ್ದೂ ಎದ್ದೂ ಅದಕ್ಕೂ ಸಾಕಾಗ್ಯದೆ."

ಎತ್ತಿನ ಗಾಡಿ ತುಂಬಿತು. ಕೆಂಚಮ್ಮ ಹಾಸಿಗೆ ಸುರುಳಿಯ ಮೇಲೆ ಹತ್ತಿ ಕೂತು, ಹಾಲು ಪೂರ್ವಕ್ಕೆ ಉಕ್ಕಿದಾಗಲೇ ತನಗೆ ಗೊತ್ತಿತ್ತು ಅಂತ ಜವರಯ್ಯನಿಗೆ ವಿವರಿಸುತ್ತಿದ್ದಳು. ಪ್ರೇಮಲೀಲಾ ಕರಿಬೇವಿನ ಒಂದು ಸಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಖಾಲಿ ಮನೆ ಗುಡಿಸಿ ಪುಟ್ಟತಾಯಮ್ಮ ಒಂದು ಹಣತೆಗೆ ಎಣ್ಣೆ ಬತ್ತಿ ಹಾಕುತ್ತಿದ್ದಳು. ಗಾಡಿ ಹತ್ತಿದ್ದ ಚೆಲುವಮ್ಮ ಏನೋ ಮರೆತವಳ ಹಾಗೆ ಇಳಿದು ಒಳಗೆ ಬಂದಳು. ಒರಳಿನ ಅಂಚನ್ನು ಕಾಲಿನ ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿದಳು. ಆಮೇಲೆ ಹಣತೆ ನೋಡಿದಳು.

"ಯಾಕಕ್ಕ ಅದು?"

"ಸಂಜೆಗೆ ಕಣೇ. ಖಾಲಿ ಮನೆ ಅಂತ ಕತ್ತಲಲ್ಲಿ ಬಿಡಕ್ಕಾಗುತ್ತಾ? ನೀನಿದ್ದ ಮನೆ."

ಮುಂದೆಯೂ ಒಂದೆರಡು ಸಲ ಮಾರ್ಕೆಟ್ಟಿನಲ್ಲಿ ಅವರು ಎದುರಾದದ್ದುಂಟು. ಕುಶಲ ವಿಚಾರಿಸಿದರು, ಅಷ್ಟೆ. ಕೇಳುವ ಹೆಂಗಸೇ ಅಲ್ಲ ಚೆಲುವಮ್ಮ. ನೆಲ ಅಗೆಯಲು ಒಮ್ಮೆ ಗಂಡನಿಂದ ಕೇಳಿಸಿದ್ದು ಬಿಟ್ಟರೆ, ಪುಟ್ಟತಾಯಮ್ಮನ ಹತ್ತಿರ ಅವಳು ಬಾಯಿ ಬಿಟ್ಟು ಕೇಳಿದ್ದು ಅವತ್ತೇ, ಅದೇ ಕೊನೆ. ಅವತ್ತು ಹಣತೆಯನ್ನು ಪುಟ್ಟತಾಯಮ್ಮನ ಕೈಯಿಂದ ತೆಗೆದುಕೊಂಡಳು. ಬತ್ತಿಯನ್ನು ಎರಡು ಬೆರಳಿನಲ್ಲಿ ಎಣ್ಣೆಯೊಳಕ್ಕೆ ಒತ್ತಿ, ಗೂಡಿನಲ್ಲಿಟ್ಟಳು.

"ಇವತ್ತೊಂದು ದಿನ ಇಲ್ಲಿ ದೀಪ ಹಚ್ಚಬ್ಯಾಡಿ ಅಕ್ಕ. ಬೆಳಕಿದ್ರೆ ನಾನು ಬತ್ತೀನಿ ಅಂತ ಈ ಮನೆ ಕಾಯ್ತಾ ಕೂತಿರ್ತದೆ. ಮಲಗ್ಲಿ ಬುಡಿ."